ಕಿಟಕಿ ಕಡೆ ಯಾಕೆ?

ಬೇಕರಿಯಲ್ಲಿ ರಾತ್ರಿಪಾಳಿಯಲ್ಲಿ ಹಿಟ್ಟು ನಾದುವ ಆಕೆಗೆ ಚಿಕ್ಕಂದಿನಿಂದ ‘ಯಾಕಮ್ಮ’ ಎಂದೇ ಹೆಸರು. ಕಂಡಿದ್ದಕ್ಕೆಲ್ಲ ಯಾಕೆ ಎಂದು ಕೇಳಿ ಎದುರಿದ್ದವರ ತಲೆ ತಿನ್ನುವವಳು. ಪರದೇಶದಿಂದ ಬಂದ ಸೈಕಲ್ ರಿಪೇರಿಯವನನ್ನು ಮದುವೆಯಾದದ್ದೂ ಹಾಗೇ. ಅವಳ ಪ್ರಶ್ನೆಗಳಿಗೆಲ್ಲ ಬೇಸರಪಡದೆ ಉತ್ತರ ಕೊಟ್ಟ ಮೊದಲ ಗಂಡಸು ಅವನು.

ಈಗ ಪ್ರಶ್ನೆ ಕೇಳುವ ಸರದಿ ಸರ್ಕಾರದ್ದು. ಗಂಡನಿಗೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ ಸಿಗಬೇಕಾದರೆ, ಈ ಮದುವೆ ಬರೀ ನಾಟಕವಲ್ಲ ಎಂದು ವಲಸೆ ಕಚೇರಿಗೆ ನಂಬಿಕೆ ಬರಬೇಕು. ಬಾರದಿದ್ದರೆ ಅವನು ಗಂಟುಮೂಟೆ ಕಟ್ಟಬೇಕು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆಂದು ಅಕ್ಕ ವಾರಗಟ್ಟಲೆ ತಾಲೀಮು ಕೊಟ್ಟಿದ್ದಳು. ಹಲ್ಲುಜ್ಜುವ ಬ್ರಷ್ಷಿನ ಬಣ್ಣ, ಅತ್ತೆಯ ಮಂಡಿನೋವು, ಯಾರಿಗೆ ಎಷ್ಟು ಸಕ್ಕರೆ, ಎಲ್ಲ ಬಾಯಿಪಾಠ.

ಅಧಿಕಾರಿ ಕೇಳಿದ್ದೇ ಬೇರೆ. “ಹಾಸಿಗೇಲಿ ಯಾವ ಕಡೆ ಮಲಗ್ತೀರಮ್ಮ?”

“ಕಿಟಕಿ ಕಡೆ.”

ಅವರು ಪಕ್ಕದ ಕೋಣೆಗೆ ಹೋಗಿ, ಹುಬ್ಬು ಗಂಟಿಕ್ಕಿಕೊಂಡು ಬಂದರು. “ನಿಮ್ಮ ಯಜಮಾನರೂ ಕಿಟಕಿ ಕಡೆ ಅಂತಾರೆ. ಇಬ್ಬರೂ ಒಂದೇ ಕಡೆ ಹೇಗೆ? ನಿಜವಾಗ್ಲೂ ಒಂದೇ ಮನೇಲಿದ್ದೀರಾ?”

ಅವಳು ಕುರ್ಚಿಯ ಅಂಚಿಗೆ ಸರಿದಳು. “ರಾತ್ರಿ ನನಗೆ ಕೆಲಸ, ಹಗಲು ಅವರಿಗೆ. ನಾನು ಎದ್ದು ಹೊರಟ ಮೇಲೆ ಅವರು ಮಲಗ್ತಾರೆ, ಅವರು ಎದ್ದ ಮೇಲೆ ನಾನು.”

“ಆಗ್ಲಿ. ಗೋಡೆ ಕಡೆ ಖಾಲಿ ಬಿದ್ದಿರುತ್ತಲ್ಲ. ಇಬ್ಬರೂ ಅಲ್ಲೇ ಯಾಕೆ?”

ತನ್ನ ‘ಯಾಕೆ’ಯೇ ತನಗೆ ತಿರುಗಿತು. ಅವಳ ಕೆನ್ನೆ ಕೆಂಪಾಯಿತು. “ಅವರು ಎದ್ದ ಜಾಗ ಬೆಚ್ಚಗಿರುತ್ತೆ, ಸಾರ್.”

ಅಧಿಕಾರಿ ಮತ್ತೆ ಎದ್ದುಹೋದರು. ಅವನ್ಯಾಕೆ ಅಲ್ಲಿ ಮಲಗುತ್ತಾನೆ? ಊರ ಉಸಾಬರಿಯೆಲ್ಲ ವಿಚಾರಿಸುವವಳು ಇದೊಂದನ್ನು ಕೇಳಿರಲೇ ಇಲ್ಲ. ಗಾಳಿಗೆ ಇರಬೇಕು ಎಂದುಕೊಂಡಿದ್ದಳು. ಗಾಳಿಗೆ ಎಂದುಬಿಟ್ಟರೆ ಗತಿಯೇನು? ಆದರೂ ಹಾಳು ಕುತೂಹಲಕ್ಕೆ ಕೂತಲ್ಲಿ ಕೂರಲಾಗಲಿಲ್ಲ.

ಅಧಿಕಾರಿ ಬಂದು ಫೈಲಿನಲ್ಲಿ ಏನೋ ಬರೆಯತೊಡಗಿದರು.

“ಏನಂದ್ರು ಸಾರ್?”

“ಪ್ರಶ್ನೆ ಕೇಳೋದು ನಾನಮ್ಮ.”

“ಅದು ಸರಿ. ಆದ್ರೂ ಏನಂದ್ರು?”

ಅವರಿಗೆ ನಗು ತಡೆಯಲಾಗಲಿಲ್ಲ. “ಕಿಟಕಿ ಗಾಳಿಗೆ ಕಿವಿ ನೋಯುತ್ತಂತೆ. ಆದರೂ ನೀವು ಎದ್ದ ಜಾಗ ಬೆಚ್ಚಗಿರುತ್ತೆ ಅಂತ ಅಲ್ಲೇ ಮಲಗ್ತಾರಂತೆ. ಹೋಗಿ, ಪರವಾನಗಿಗೆ ಒಪ್ಪಿಗೆ ಕೊಟ್ಟಿದ್ದೀನಿ.”

ಯಾಕಮ್ಮ ಸರ್ಕಾರಿ ಕುರ್ಚಿಯಲ್ಲೇ ಗಳಗಳನೆ ಅತ್ತಳು.

ಮದುವೆಯಾದ ಮೇಲೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಅವತ್ತೇ. ಮಧ್ಯಾಹ್ನ ಮನೆಗೆ ಬಂದು ಅವನು ಗೋಡೆ ಕಡೆ ಉರುಳಿಕೊಂಡ. ಆ ಕಡೆಯ ದಿಂಬಿನಿಂದ ಅಂಗಡಿಯ ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ.

“ಇಲ್ಲಿ ತಣ್ಣಗಿದೆ,” ಎಂದ.

“ತಾಳ್ರೀ, ಬೆಚ್ಚಗಾಗುತ್ತೆ,” ಎಂದು ಅವಳು ಕಿಟಕಿ ಮುಚ್ಚಿದಳು.