ಬೆಲ್ಲದ ಕೊಪ್ಪರಿಗೆಯಲ್ಲಿ ಹೊಳೆ ದಾಟಿದ್ದು

ಕಲ್ಲೋಳಿ ದಾಟಿದ ಮೇಲೆ ಬೆಲ್ಲ ಕುದಿಯುವ ವಾಸನೆ ಬಂತು. "ಇಲ್ಲೇ ಗಾಡಿ ನಿಲ್ಲಸವ್ವಾ, ಇಳಿದು ನೋಡೂಣು" ಎಂದೆ. ನನ್ನ ಕಾಲಿಗೆ ಚಕ್ರ ಕಟ್ಟಿದೆಯೆಂಬುದು ಮಗಳಿಗೆ ಹೊಸದೇನಲ್ಲ. ನಿಟ್ಟುಸಿರು ಬಿಟ್ಟು ನಿಲ್ಲಿಸಿದಳು. ಗಾಣದ ಚಪ್ಪರದೊಳಗೆ ಅಗಲವಾದ ಕೊಪ್ಪರಿಗೆ ಕಂಡದ್ದೇ ತಡ, ನನ್ನ ಕೈ ಅವಳ ತೋಳನ್ನು ಗಟ್ಟಿಯಾಗಿ ಹಿಡಿಯಿತು. ನಿಮಗೆ ಅದು ಕಬ್ಬಿನ ಹಾಲು ಕಾಸುವ ಪಾತ್ರೆ. ನಾನು ಅದರಲ್ಲಿ ಕುಳಿತು ಹೊಳೆ ದಾಟಿದವಳು.

ಐವತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಬೆಳೆದ ನಾನು ಮಾಸ್ತರಿಕೆ ಹಿಡಿದು ಮೂಡಲಗಿಗೆ ಬಂದಾಗ ಅದು ಲೋಕದ ತುದಿಯಂತೆ ಕಂಡಿತ್ತು. ಗಂಡನಿಗೆ ಹುಕ್ಕೇರಿಯಲ್ಲಿ ನೌಕರಿ. ಅವರು ಬಾರದ ಭಾನುವಾರಗಳಲ್ಲಿ ನಾನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಗನೂರಿಗೆ ನಡೆದೇ ಹೋಗುತ್ತಿದ್ದೆ, ಗೋಕಾಕಕ್ಕೆ ಸಿಕ್ಕ ಬಸ್ಸು, ಉಳಿದ ಕಡೆಗೆ ಯಾರದಾದರೂ ಎತ್ತಿನ ಚಕ್ಕಡಿ. ಮಗಳು ಹುಟ್ಟಿದ ಮೇಲೂ ಈ ಚಟ ಹೋಗಲಿಲ್ಲ. ಊರವರಿಗೆ ನಾನೊಂದು ಮೋಜು.

ಆ ಭಾನುವಾರ ಹೊಳೆಯಾಚೆಯ ಗುಡ್ಡದ ಮೇಲೆ ಹಳೆಯ ಬಾವಿಯೊಂದಿದೆ ಎಂದು ಕೇಳಿ ಹೊರಟಿದ್ದೆ. ಕೂಸನ್ನು ಮನೆಯೊಡತಿ ಪದ್ಮವ್ವನ ಕೈಗೆ ಕೊಟ್ಟೆ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅವರಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ.

"ಹೊತ್ತ ಮುಳುಗೂದರಾಗ ಬರ್ರಿ ಅಕ್ಕೋರ. ನಿಮ್ಮ ಹಾಲ ಬಿಟ್ಟು ಈ ಕೂಸು ಬ್ಯಾರೆ ಏನೂ ಮುಟ್ಟೂದಿಲ್ಲ."

ಬೆಳಿಗ್ಗೆ ಹೊಳೆಯಲ್ಲಿ ಮೊಣಕಾಲಷ್ಟು ನೀರಿತ್ತು. ಇಳಿಹೊತ್ತಿಗೆ ತಿರುಗಿ ಬಂದರೆ ದಂಡೆಯೇ ಮೇಲಕ್ಕೆ ಸರಿದಿತ್ತು! ನಮ್ಮ ಕಡೆ ಹನಿ ಮಳೆಯಿಲ್ಲ, ಘಟ್ಟದಲ್ಲಿ ಬಿದ್ದದ್ದು ಕೆಂಪಾಗಿ ಹರಿದು ಬರುತ್ತಿತ್ತು. ಕೂಸು ಹಸಿದಿರುವುದು ನನ್ನ ಎದೆಗೇ ತಿಳಿಯುತ್ತಿತ್ತು. ಹಾಲು ಒಸರಿ ಕುಪ್ಪಸ ಒದ್ದೆಯಾಗಿತ್ತು. ಅಷ್ಟು ಹೆದರಿಕೆ ನಾನು ಅದುವರೆಗೆ ಕಂಡಿರಲಿಲ್ಲ.

ಮಳೆಗಾಲದಲ್ಲಿ ಗಾಣ ನಿಂತಿರುತ್ತದೆ, ಕೊಪ್ಪರಿಗೆ ಹೊಳೆಗೆ ಇಳಿಯುತ್ತದೆ. ಇಬ್ಬರು ಈಜುಗಾರರು ಅದರ ಅಂಚು ಹಿಡಿದು ನೀರಿನಲ್ಲಿ ತಳ್ಳಿಕೊಂಡು ಹೋಗುವುದು ಅಲ್ಲಿಯ ಪದ್ಧತಿ. ಒಳಗೆ ನಾನು ಮತ್ತು ಬಾಳವ್ವ ಎಂಬ ಹೊಲದ ಕೆಲಸದ ಹೆಂಗಸು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೆವು. ಈಜುಗಾರರಲ್ಲಿ ಹಿರಿಯ ಹೇಳಿದ:

"ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂದರ್ರಿ. ಹೊಳ್ಳಿ ನೋಡಿದ್ರ ಇದು ಮಗಚತೈತಿ."

ಜೀವನವೆಲ್ಲ ಸುತ್ತಮುತ್ತ ನೋಡುವುದನ್ನೇ ಕಸುಬು ಮಾಡಿಕೊಂಡವಳಿಗೆ ಈ ಮಾತು! ನಡುಹೊಳೆಯಲ್ಲಿ ಕೊಪ್ಪರಿಗೆ ಗಿರ್ರನೆ ತಿರುಗಿತು. ನಮ್ಮ ದಂಡೆ ಯಾವ ಕಡೆಗಿದೆ, ಎಷ್ಟು ದೂರವಿದೆ? ತಡೆಯಲಾಗಲಿಲ್ಲ, ಹೊರಳಿದೆ. ಅಂಚು ವಾಲಿತು, ಕೆಂಪು ನೀರು ಮಡಿಲಿಗೆ ನುಗ್ಗಿತು. ಈಜುಗಾರ ಕೂಗಿದ. ಬಾಳವ್ವ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಇಲ್ಲಿ ನೋಡ್ರಿ ಅಕ್ಕೋರ. ನನ್ನ ಮಾರಿ ನೋಡ್ರಿ."

ನೋಡಿದೆ. ಹಣೆಯ ಮೇಲೆ ಹಚ್ಚೆ, ಎಡ ಹುಬ್ಬಿನಲ್ಲಿ ಸಣ್ಣ ಗಾಯದ ಗುರುತು, ಕಣ್ಣಿನಲ್ಲಿ ಕಂದು ಚುಕ್ಕೆ. ಗಂಡನ ಮುಖವನ್ನೂ ಅಷ್ಟು ಹೊತ್ತು ನೋಡಿದವಳಲ್ಲ ನಾನು. ತಳ ನೆಲಕ್ಕೆ ತಾಗಿದಾಗಲೂ ಅವಳು ಗದ್ದ ಬಿಟ್ಟಿರಲಿಲ್ಲ.

"ನಿನಗ ಧೈರ್ಯ ಭಾಳ" ಎಂದೆ.

"ಎಲ್ಲೀ ಧೈರ್ಯರಿ! ನನಗೂ ಈಸಾಕ ಬರೂದಿಲ್ಲ. ಹೊಳಿ ನೋಡಾಕ ಅಂಜಿಕಿ ಬಂತು, ಅದಕ ನಿಮ್ಮ ಮಾರಿ ಹಿಡಕೊಂಡ್ನಿ."

ದಂಡೆಯಲ್ಲಿ ಸಿಕ್ಕ ಚಕ್ಕಡಿ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಅತ್ತು ಅತ್ತು ದನಿ ಹೋಗಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಪದ್ಮವ್ವ ಬಾಗಿಲಲ್ಲೇ ನಿಂತಿದ್ದಳು. ಒಲೆಯ ಬಳಿ ಅವಳ ತಾಟು ಬರಿದಾಗಿ ಬೋರಲು ಬಿದ್ದಿತ್ತು. ಕೂಸನ್ನು ಕೆಳಗೆ ಇಳಿಸಲಾಗದೆ ಅವಳ ಊಟದ ಹೊತ್ತು ಮೀರಿತ್ತು; ಇನ್ನು ಬೆಳಗಾಗುವ ತನಕ ನೀರೂ ಇಲ್ಲ. ಬೈಯಲಿಲ್ಲ. "ಮೊದಲ ಕುಡಸ್ರಿ" ಎಂದಳು, ಅಷ್ಟೆ. ಕೂಸು ಎದೆ ಕಚ್ಚಿದಾಗ ನಾನೂ ಜೋರಾಗಿ ಅತ್ತೆ.

ತಿರುಗಾಟವೇನೂ ನಿಲ್ಲಲಿಲ್ಲ ಅನ್ನಿ. ಇಂದಿಗೂ ಊರು, ಗುಡ್ಡ, ಬಾವಿ ಎಂದು ಕಿಟಕಿಯಾಚೆಯೇ ನನ್ನ ಕಣ್ಣು.

ಗಾಣದಲ್ಲಿ ಈಗ ಮಗಳು ಕೊಪ್ಪರಿಗೆಯ ಆಚೆ ಬದಿಗೆ ಹೋಗಿ ನಿಂತಿದ್ದಾಳೆ. ನಡುವೆ ಹಬೆ.

"ಏನವ್ವಾ, ಹಂಗ್ಯಾಕ ನೋಡಾಕತ್ತಿ?"

"ಹೊಳ್ಳಬ್ಯಾಡ, ಹಂಗ ನಿಂದ್ರು" ಎಂದೆ.

ಕಿವಿಯ ಮುಂದೆ ಅವಳ ಕೂದಲು ಪೂರಾ ಬೆಳ್ಳಗಾಗಿದೆ. ದಾರಿಯುದ್ದಕ್ಕೂ ಪಕ್ಕದಲ್ಲೇ ಕುಳಿತು ಬಂದರೂ ನಾನು ನೋಡಿರಲಿಲ್ಲ.