ಚಿಕ್ಕಬೀರಪ್ಪನ ಬದು

ನಮ್ಮಣ್ಣ ಚಿಕ್ಕಬೀರಪ್ಪ ಯೇಸುವಿನ ಹಾದಿ ಹಿಡಿದದ್ದು ೧೯೮೯ರಲ್ಲಿ. ಕುಂದಾಣದ ಹತ್ತಿರದ ನಮ್ಮೂರಿನಿಂದ ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಲು ಹೋಗುತ್ತಿದ್ದವನು, ಬಸ್ಸಿಗೆ ಕಾಯುವಾಗ ಅಲ್ಲಿನ ಶೀಟು ಹೊದಿಸಿದ ಪ್ರಾರ್ಥನಾ ಮಂದಿರದಲ್ಲಿ ಕೂತೆದ್ದು ಬರುತ್ತಿದ್ದ. ಒಂದು ದಿನ, "ನನ್ನ ಕರ್ದಿದ್ದಾನೆ ಕಣೋ ಗಂಗ, ಹೋಗ್ತೀನಿ" ಅಂದ. ಹೋಗು ಅಂದೆ. ಮಳೆಗಾಲ ಮುಗಿದ ಮೇಲೆ ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಎಂದು ಪಾಸ್ಟರ್ ಹೇಳಿದ್ದರಂತೆ. ಭಾನುವಾರ ಒಂದು ಹೊತ್ತು ಅವನ ಬದಲು ದನ ನೋಡಿಕೊಂಡರೆ ಮುಗಿಯಿತು ಅಂದುಕೊಂಡಿದ್ದೆ.

ಕಷ್ಟ ಬಂದದ್ದು ಬದುವಿನಿಂದ.

ನಮ್ಮ ಹೊಲಕ್ಕೂ ಪಕ್ಕದ ಅಮ್ಮಯಮ್ಮನ ಹೊಲಕ್ಕೂ ನಡುವೆ ಮಣ್ಣಿನ ಬದು. ಉಳುವಾಗ ನೇಗಿಲನ್ನು ಕೊಂಚ ಬದುವಿನ ಕಡೆ ವಾಲಿಸುವುದು ನಮ್ಮಪ್ಪ ಕಲಿಸಿದ ವಿದ್ಯೆ. ವರ್ಷಕ್ಕೆ ನಾಲ್ಕು ಬೆರಳು ಜಾಗ ನಮ್ಮ ಕಡೆಗೆ. ಅದನ್ನು ಕಳ್ಳತನ ಅಂತ ಯಾರೂ ಅನ್ನುವುದಿಲ್ಲ. ಊರಲ್ಲಿ ಮಾಡದವರು ಯಾರಿದ್ದಾರೆ ಹೇಳಿ? ಆಕೆಯೋ ಗಂಡ ಸತ್ತ ಹೆಂಗಸು. ಇಪ್ಪತ್ತು ವರ್ಷದಲ್ಲಿ ಎರಡು ಸಾಲು ಹಿಪ್ಪುನೇರಳೆ ಹಿಡಿಸುವಷ್ಟು ಜಾಗ ನಮ್ಮದಾಗಿತ್ತು.

"ಅದನ್ನ ವಾಪಸ್ ಬಿಡ್ದೆ ನಾನು ನೀರಿಗಿಳಿಯಕ್ಕಾಗಲ್ಲ," ಅಂದ ಅಣ್ಣ.

"ಪಾಸ್ಟರ್ ಹೇಳಿದ್ರಾ?"

"ಅವ್ರಿಗೆ ನಮ್ಮ ಬದು ಏನ್ ಗೊತ್ತು? ನಂಗೆ ಗೊತ್ತಲ್ಲ."

ನನಗೆ ಮೈಯೆಲ್ಲ ಉರಿಯಿತು. ಮನೆದೇವರನ್ನು ಬಿಟ್ಟರೆ ಬಿಡಲಿ, ಅಪ್ಪನ ಮಣ್ಣನ್ನು ಬಿಡುವುದೆಂದರೇನು? "ಹಂಗಾದ್ರೆ ಭಾಗ ಮಾಡು. ನಿನ್ನ ಪಾಲಲ್ಲಿ ಏನಾರ ಮಾಡ್ಕೋ" ಎಂದೆ. ಹೆದರಿ ಸುಮ್ಮನಾಗುತ್ತಾನೆ ಎಂಬ ಲೆಕ್ಕ ನನ್ನದು. ಅಣ್ಣ ಆಗಲಿ ಅಂದುಬಿಟ್ಟ. ಊರ ಹಿರಿಯ ನರಸಿಂಹಯ್ಯನವರು ಸಮಪಾಲು ಮಾಡಿಸಿದರು. ಅಮ್ಮಯಮ್ಮನ ಕಡೆಯ ಪಾಲನ್ನು ಅಣ್ಣನೇ ಕೇಳಿ ತೆಗೆದುಕೊಂಡ. ಮಾರನೆಯ ದಿನ ಗುದ್ದಲಿ ಹಿಡಿದು ಎರಡೂ ಸಾಲು ಹಿಪ್ಪುನೇರಳೆ ಕಿತ್ತು ಹಾಕಿ, ಬದುವನ್ನು ಹಳೆಯ ಜಾಗಕ್ಕೆ ಸರಿಸಿ ಕಟ್ಟಿದ.

ಅಮ್ಮಯಮ್ಮ ಬಂದು ನೋಡಿದಳು. "ನಿಮ್ದೇ ಜಾಗ ಕಣಕ್ಕ. ಇಷ್ಟು ವರ್ಷ ನಾವು ತಿಂದ್ವಿ," ಎಂದ ಅಣ್ಣ, ತಲೆಯೆತ್ತದೆ.

"ಗೊತ್ತಿತ್ತು ಕಣಪ್ಪ. ಗಿಡ ಯಾಕೆ ಕಿತ್ತೆ? ಅದ್ನಾದ್ರೂ ಬಿಡಬಾರ್ದಿತ್ತಾ?"

ಅದು ಅವನಿಗೆ ಹೊಳೆದೇ ಇರಲಿಲ್ಲ. ಭಕ್ತಿ ಜಾಸ್ತಿಯಾದಾಗ ಬುದ್ಧಿ ಕೈಕೊಡುತ್ತದೆ. ತನ್ನ ಗಿಡಗಳ ಕಡ್ಡಿ ಕತ್ತರಿಸಿ ತಂದು ಆಕೆಯ ಜಾಗದಲ್ಲಿ ನೆಟ್ಟುಕೊಟ್ಟ. ಆಮೇಲೆಯೇ ದೀಕ್ಷಾಸ್ನಾನ ಆಯಿತು. ನಾನು ಹೋಗಲಿಲ್ಲ.

ಈಗ ನಮ್ಮಿಬ್ಬರ ನಡುವೆಯೂ ಒಂದು ಹೊಸ ಬದು. ಮೊದಲ ವರ್ಷವೇ ನೇಗಿಲನ್ನು ಅಣ್ಣನ ಕಡೆ ವಾಲಿಸಿದೆ. ಕೈ ತಾನಾಗಿ ವಾಲಿತು ಎಂದರೆ ಸುಳ್ಳಾಗುತ್ತದೆ, ಬೇಕೆಂದೇ ವಾಲಿಸಿದೆ. ಮಣ್ಣು ಬಿಡುವವನಿಗೆ ಬುದ್ಧಿ ಕಲಿಸಬೇಕಿತ್ತು. ಮೂರು ವರ್ಷ ಹಾಗೇ ಮಾಡಿದರೂ ಅಣ್ಣ ಒಂದು ಮಾತು ಆಡಲಿಲ್ಲ.

ನಾಲ್ಕನೆಯ ವರ್ಷ ಉಳಲು ಹೋದರೆ, ಅವನು ಬದುವನ್ನು ತಾನೇ ಅಗೆದು, ತನ್ನ ಹೊಲದೊಳಕ್ಕೆ ಒಂದು ಮೊಳ ಸರಿಸಿ ಕಟ್ಟುತ್ತಿದ್ದ.

"ಏನಣ್ಣ ಇದು?"

"ನೀನು ಕದ್ದೆ ಅಂತಾಗೋದು ಬೇಡ ಕಣೋ. ನಾನೇ ಕೊಟ್ಟೆ ಅಂತಾಗ್ಲಿ. ಆ ಭಾರ ಹೊತ್ತಿದ್ದೋನು ನಾನು, ನಿಂಗೆ ಬೇಡ."

ಎತ್ತುಗಳನ್ನು ನಿಲ್ಲಿಸಿ, ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು, ಕಟ್ಟಿದ್ದನ್ನೆಲ್ಲ ಒಡೆದು ಹಾಕಿದೆ. ಅಳು ಬಂತು, ಅತ್ತೆ.

"ಭಾಗ ಮಾಡ್ದಾಗ ಎಲ್ಲಿತ್ತು, ತೋರ್ಸು," ಅಂದೆ.

ಅಣ್ಣ ನನ್ನ ಹೊಲದೊಳಕ್ಕೆ ಬಂದು ನಿಂತ. ಅವನ ಕಾಲ ಹತ್ತಿರ ಬದು ಹಾಕಲು ನಾನು ಅಗೆಯತೊಡಗಿದೆ.