ಹೌ ಯೂಚಿನ್‌ಳ ಅಂಗೈ ಬಿಸಿ

ಲುವೊಯಾಂಗ್ ಊರಿನ ನಮ್ಮ ಪಂಪು ಕಾರ್ಖಾನೆಯಲ್ಲಿ ಒತ್ತಡದ ಮಾಪಕಗಳನ್ನು ಪರೀಕ್ಷಿಸುವ ಕೋಣೆ ಒಂದಿತ್ತು. ಹೌ ಯೂಚಿನ್ ಮತ್ತು ನಾನು ಆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವು. ಸಿಟ್ಟು ಬಂದರೆ ಅವಳು ಕೂಗುವವಳಲ್ಲ. ಧ್ವನಿ ಇಳಿಯುತ್ತಿತ್ತು. ಇಳಿದಷ್ಟೂ ಎದುರಿಗಿದ್ದವರು ಹೆದರುತ್ತಿದ್ದರು.

ಒಮ್ಮೆ ವಿಭಾಗದ ಮುಖ್ಯಸ್ಥ, “ಮುಳ್ಳು ಒಂದು ಗೆರೆ ತಾನೇ ಹೆಚ್ಚುಕಮ್ಮಿ, ಪಾಸ್ ಮಾಡಿಬಿಡಿ ಮೇಸ್ತ್ರಿ” ಎಂದ.

“ಇದನ್ನ ಕೂರಿಸೋ ಬಾಯ್ಲರ್ ಪಕ್ಕದಲ್ಲಿ ನೀವು ನಿಂತ್ಕೊಳ್ತೀರಾ? ನಿಂತ್ಕೊಳ್ಳೋದಾದ್ರೆ ಈಗ್ಲೇ ಸಹಿ ಹಾಕ್ತೀನಿ” ಎಂದಳು ಯೂಚಿನ್. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಅವಳ ಗಂಡ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಸೇತುವೆ ಮೇಲೆ ಲಾರಿಗೆ ಸಿಕ್ಕಿ ಸತ್ತ. ಆಮೇಲೆ ಎರಡು ವರ್ಷ ಅವಳಿಗೆ ನಿದ್ದೆ ಇರಲಿಲ್ಲ. ಎದೆಯ ಮೇಲೆ ಕಲ್ಲು ಹೇರಿದಂತಾಗುತ್ತದೆ ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಎಲ್ಲ ನೋಡಿ, ಏನೂ ಇಲ್ಲ, ಮನಸ್ಸಿನ ಭ್ರಮೆ ಎಂದು ಕಳಿಸಿದರು. ಕೊನೆಗೆ ಯಾರೋ ಹೇಳಿದರೆಂದು ಊರಿನ ಉತ್ತರಕ್ಕಿರುವ ಗುಡ್ಡದ ಭಿಕ್ಷುಣಿಯರ ಮಠಕ್ಕೆ ಹೋದಳು. ಸರ್ಕಾರ ಮಠಗಳನ್ನು ಮುಚ್ಚಿಸಿದ ಕೆಟ್ಟ ವರ್ಷಗಳಲ್ಲಿ ಮಠದಿಂದ ಹೊರದಬ್ಬಿಸಿಕೊಂಡು, ಬೆಂಕಿಪೊಟ್ಟಣ ಅಂಟಿಸುತ್ತ ಬದುಕಿ, ಮತ್ತೆ ಅಲ್ಲಿಗೇ ಮರಳಿದ್ದ ಮಿಂಗ್‌ಯುವಾನ್ ಎಂಬ ಮುದುಕಿ ಅಲ್ಲಿದ್ದರು.

“ಉಸಿರು ಒಳಗೆ ಬಂದಾಗ ಬಂತು ಅಂತ ತಿಳ್ಕೊ, ಹೋದಾಗ ಹೋಯ್ತು ಅಂತ ತಿಳ್ಕೊ. ಬಿಸಿ ಅನ್ಸುತ್ತೆ, ಹಗುರ ಅನ್ಸುತ್ತೆ. ಅದರ ಹಿಂದೆ ಓಡಬೇಡ” ಎಂದರಂತೆ.

ನಾಲ್ಕು ತಿಂಗಳಿಗೆ ಯೂಚಿನ್‌ಗೆ ನಿದ್ದೆ ಬಂತು. ಬೆಳಗ್ಗೆ ನದಿ ದಂಡೆಯ ಉದ್ಯಾನದಲ್ಲಿ ಮರ ತಬ್ಬಿದವಳ ಹಾಗೆ ತೋಳು ಚಾಚಿ ನಿಲ್ಲುವ ಚಿಗಾಂಗ್ ಅಭ್ಯಾಸವನ್ನೂ ಶುರು ಮಾಡಿದಳು. ನಿಂತಾಗ ಅಂಗೈ ಬೆಚ್ಚಗಾಗುತ್ತದೆ ಎಂದು ನನಗೆ ಹೇಳಿದ್ದಳು. ಹೇಳುವಾಗಲೂ ಮುಖ ಗಂಟು. “ಗುಣ ಆಯ್ತು, ಸರಿ. ಹೇಗಾಯ್ತು ಅಂತ ಒಬ್ರೂ ಹೇಳಲ್ಲ. ಆಸ್ಪತ್ರೆಯೋರಿಗೆ ಕಾಯಿಲೆನೇ ಇಲ್ಲ, ಉದ್ಯಾನದೋರಿಗೆ ಎಲ್ಲಾ ಚಿ, ಮೈಯೊಳಗೆ ಹರಿಯೋ ಪ್ರಾಣಶಕ್ತಿ.”

ಎಂಬತ್ತೆಂಟರಲ್ಲಿ ಲುವಾನ್ ಗುರು ಎನ್ನುವವನು ಊರಿಗೆ ಬಂದ. ಆಗ ದೇಶವೆಲ್ಲ ಚಿಗಾಂಗ್ ಹುಚ್ಚಿನಲ್ಲಿತ್ತು. ವೇದಿಕೆ ಮೇಲೆ ನಿಂತು ಭಾಷಣ ಮಾಡುತ್ತಲೇ ಚಿ ಕಳಿಸುತ್ತಾನಂತೆ, ಗೂನು ನೆಟ್ಟಗಾಗುತ್ತದಂತೆ. ನಮ್ಮ ಕಾರ್ಮಿಕ ಸಂಘದ ಸಭಾಂಗಣ ತುಂಬಿ ಕಿಟಕಿಗಳಲ್ಲೂ ಜನ. ಯೂಚಿನ್‌ಳನ್ನು ಅವಳ ತಮ್ಮ ಬಾವ್‌ಲಿನ್ ಎಳೆದುಕೊಂಡು ಬಂದಿದ್ದ. ಬಾವ್‌ಲಿನ್ ನಮ್ಮ ಕ್ಯಾಂಟೀನಿನ ಅಡುಗೆಯವನು. ಹಿಟ್ಟಿನ ಮುದ್ದೆಯನ್ನು ಎರಡು ಕೈಯಲ್ಲಿ ಎಳೆದು ಮಡಚಿ, ಮತ್ತೆ ಎಳೆದು, ನೂಲಿನಷ್ಟು ಸಣ್ಣ ಶಾವಿಗೆ ಮಾಡುತ್ತಿದ್ದ. ಅವನು ಎಳೆಯುವುದನ್ನು ನೋಡಲೆಂದೇ ಸಾಲಿನಲ್ಲಿ ಜನ ತಡಮಾಡುತ್ತಿದ್ದರು. ಬಿಪಿ ಜಾಸ್ತಿ. ದಿನಕ್ಕೆರಡು ಗುಳಿಗೆ.

ಲುವಾನ್ ಕೈ ಚಾಚಿದ. ನನ್ನ ಮುಂದಿನ ಸಾಲಿನ ಹೆಂಗಸು ಬಿದ್ದು ಹೊರಳಾಡಿದಳು. ಯಾರೋ ನಕ್ಕರು, ಯಾರೋ ಅತ್ತರು. ಪಕ್ಕಕ್ಕೆ ತಿರುಗಿದರೆ ಯೂಚಿನ್ ಎರಡೂ ಅಂಗೈ ತೆರೆದು ಕೂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳ ಗಂಡನ ಹೆಣ ಬಂದ ದಿನವೂ ನಾನು ಅದನ್ನು ಕಂಡಿರಲಿಲ್ಲ.

“ಏನಾಯ್ತು ಯೂಚಿನಕ್ಕ?”

“ಗೊತ್ತಿಲ್ಲ ದಿಂಗ್. ಕೈಯೊಳಗೆ ಬಿಸಿನೀರು ಹರಿದ ಹಾಗಿದೆ.”

ಬಾವ್‌ಲಿನ್ ಅದನ್ನು ಕೇಳಿಸಿಕೊಂಡ. ಒಂದು ಗೆರೆಗೂ ಬಗ್ಗದ ಅಕ್ಕನೇ ಅತ್ತಳಲ್ಲ, ಇನ್ನೇನು ಬೇಕು ಅವನಿಗೆ? ಗುಳಿಗೆ ಕಹಿ, ಅದು ಚಿ ಹರಿಯುವ ದಾರಿಗೆ ಅಡ್ಡ ಎಂದು ಲುವಾನ್‌ನ ಶಿಷ್ಯರು ಹೇಳಿಕೊಟ್ಟಿದ್ದರು. ಮನೆಯಲ್ಲಿ ಯಾರಿಗೂ ಹೇಳದೆ ಗುಳಿಗೆಗಳನ್ನು ಕ್ಯಾಂಟೀನಿನ ಚರಂಡಿಗೆ ಸುರಿದ. ಎರಡನೇ ತಿಂಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಎಳೆಯುತ್ತಿದ್ದ ಹಿಟ್ಟು ಕೈಯಲ್ಲಿರುವಾಗಲೇ ಕುಸಿದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಗಾಯಿತು. ಅವನಿಗಾಗ ನಲವತ್ತೊಂದು ವರ್ಷ.

ಆಸ್ಪತ್ರೆಯಲ್ಲಿ ಲುವಾನ್‌ನ ಶಿಷ್ಯನೊಬ್ಬ ಹಣ್ಣು ಹಿಡಿದು ಬಂದ. “ಮನೆಯಲ್ಲಿ ಯಾರಿಗೋ ಅಪನಂಬಿಕೆ ಇತ್ತು. ಅದಕ್ಕೇ ಗುರುಗಳ ಚಿ ತಲುಪ್ಲಿಲ್ಲ” ಎಂದ.

ಯೂಚಿನ್ ಹಣ್ಣಿನ ಚೀಲವನ್ನು ಅವನ ಕೈಗೇ ಇಟ್ಟಳು. “ನಿನ್ನ ಗುರು ಕಳಿಸಿದ್ದು ನಾನು ಅಪನಂಬಿಕೆ ಪಟ್ರೆ ನಿಂತುಹೋಗುತ್ತೆ. ಗುಳಿಗೆ ಹಾಗಲ್ಲ, ನಾನು ಬೈಕೊಂಡೇ ಕೊಟ್ರೂ ಕೆಲಸ ಮಾಡ್ತಿತ್ತು. ಹೋಗು.”

ಅಷ್ಟರಲ್ಲಿ ಶಾವ್ ಎಂಬ ಡಾಕ್ಟರು ಬಂದರು. ಅವರ ಸಿಟ್ಟು ಬೇರೆ. “ಇಷ್ಟು ವರ್ಷ ಕಾರ್ಖಾನೇಲಿ ದುಡಿದೋರು ನೀವು. ಕೂತು ಉಸಿರಾಡೋದು, ನಿಂತು ಉಸಿರಾಡೋದು, ಇದೆಲ್ಲ ಬುರುಡೆ ಅಂತ ಗೊತ್ತಾಗ್ಲಿಲ್ವಾ?”

“ನನಗೆ ನಿದ್ದೆ ಬಂದಿದ್ದು ಬುರುಡೆ ಅಲ್ಲ ಡಾಕ್ಟ್ರೇ. ಎರಡು ವರ್ಷ ನಿಮ್ಮ ಬಾಗಿಲಿಗೆ ಬಂದೆ. ಆಗ ನನ್ನ ಕಾಯಿಲೇನೇ ಬುರುಡೆ ಅಂದಿದ್ರಿ.”

ಆ ರಾತ್ರಿ ಅವಳು ಮನೆಗೆ ಹೋಗಿ ಏನು ಮಾಡಿದಳೋ ನನಗೆ ಗೊತ್ತಿಲ್ಲ. ಮರುದಿನ ಕೆಲಸಕ್ಕೆ ಬಂದು ಹೇಳಿದ್ದು ಇಷ್ಟು: “ಲುವಾನ್ ಸುಳ್ಳುಗಾರ ಅನ್ನೋದು ಸುಲಭ. ನನ್ನ ಕೈಗೆ ಬಿಸಿ ಆಗಿದ್ದು ನಿಜ. ಆ ನಿಜಾನ ನೋಡಿಯೇ ನನ್ನ ತಮ್ಮ ಕೆಟ್ಟ. ಅದೇನು ಅಂತ ನನಗೆ ಗೊತ್ತಾಗ್ಬೇಕು.”

ಲುವಾನ್ ಊರಿನಲ್ಲೇ ಇದ್ದ. ಕಾರ್ಮಿಕ ಸಂಘದ ಅಧ್ಯಕ್ಷರು ಅವನ ಭಕ್ತರು. ಅವರ ಮುಂದೆಯೇ ಯೂಚಿನ್ ಕೇಳಿದಳು: “ಪರದೆ ಕಟ್ಟೋಣ. ಈ ಕಡೆ ನಾವು ಮೂವರು ಕೂರ್ತೀವಿ. ಆ ಕಡೆ ಗುರುಗಳು. ನಾಣ್ಯ ಚಿಮ್ಮಿ, ಅಂಕಿ ಮೇಲಾಗಿ ಬಿದ್ರೆ ಚಿ ಕಳಿಸಲಿ, ಇಲ್ಲಾಂದ್ರೆ ಚಹಾ ಕುಡೀಲಿ. ಹತ್ತು ಸಲ. ಬಿಸಿ ಆಯ್ತೋ ಇಲ್ವೋ ನಾವು ಬರೀತೀವಿ.” ಅಷ್ಟು ಜನರ ಎದುರು ಲುವಾನ್‌ಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ನಗುತ್ತಲೇ ಒಪ್ಪಿದ.

ಪರದೆಯ ಈಚೆ ಯೂಚಿನ್, ನಾನು, ಉಗ್ರಾಣದ ಗುಮಾಸ್ತೆ ಕೂತೆವು. ಆಚೆ ನಾಣ್ಯ ಚಿಮ್ಮಿ ಬರೆದುಕೊಂಡವರು ಅಧ್ಯಕ್ಷರೇ. ಮುಗಿದ ಮೇಲೆ ಯೂಚಿನ್ ಎದ್ದು ಮೊದಲು ತನ್ನ ಚೀಟಿಯನ್ನೇ ಓದಿದಳು.

“ಎಂಟು ಸಲ ಬಿಸಿ ಆಯ್ತು ಅಂತ ಬರ್ದಿದ್ದೀನಿ. ಅದರಲ್ಲಿ ನಾಲ್ಕು ಸಲ ಗುರುಗಳು ಚಹಾ ಕುಡೀತಿದ್ರು. ಆ ನಾಲ್ಕು ಸಲವೂ ಬಿಸಿ ಆಗಿದ್ದು ಸತ್ಯ. ನನ್ನ ಸತ್ತ ಗಂಡನ ಮೇಲೆ ಆಣೆ ಇಡ್ತಿದ್ದೆ, ಅಷ್ಟು ಸತ್ಯ. ಅದು ಈ ಮನುಷ್ಯನಿಂದ ಬರ್ಲಿಲ್ಲ, ಅಷ್ಟೇ.”

ನನ್ನ ಚೀಟಿಯೂ ಹಾಗೇ ಇತ್ತು. ಗುಮಾಸ್ತೆ ತನ್ನದನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

ಲುವಾನ್ ಗಾಬರಿಯಾಗಲಿಲ್ಲ. “ಒಮ್ಮೆ ಕಳಿಸಿದ ಚಿ ಸಭಾಂಗಣದಲ್ಲಿ ಮೂರು ದಿನ ಉಳಿಯುತ್ತೆ” ಎಂದ.

“ಹಾಗಿದ್ರೆ ಮೂರು ದಿನಕ್ಕೊಂದು ಸಲ ಬಂದು ಹೋಗಿ, ಮಿಕ್ಕ ದಿನ ಟಿಕೆಟ್ ಮಾರಬೇಡಿ. ಇಲ್ಲಿ ಕಸ ಗುಡಿಸೋಳು ದಿನಾ ಪುಕ್ಕಟೆ ತಗೊಳ್ತಿದ್ದಾಳೆ, ಅವಳ ಮೊಣಕಾಲು ನೋವು ಇನ್ನೂ ಹೋಗಿಲ್ಲ.”

ಜನ ನಕ್ಕರು. ನಕ್ಕವರೇ ಮುಂದಿನ ವಾರ ಮತ್ತೆ ಸಾಲುಗಟ್ಟಿದರು. ಅಧ್ಯಕ್ಷರು ನಮ್ಮಿಬ್ಬರ ಆ ವರ್ಷದ ಬೋನಸ್ ತಡೆದರು. ಯೂಚಿನ್‌ಗೆ ಉರಿದುಹೋಗಿದ್ದು ಅದಕ್ಕಲ್ಲ. “ನನ್ನ ಚೀಟಿ ಓದಿದಾಗ ಜನಕ್ಕೆ ಅರ್ಥ ಆಯ್ತು ದಿಂಗ್. ಮುಖದಲ್ಲಿ ಕಾಣ್ತು. ಅರ್ಥ ಆಗಿಯೂ ಮತ್ತೆ ಅವನ ಹತ್ರಾನೇ ಹೋದ್ರು” ಎಂದಳು.

ಅವಳು ಬಿಡಲಿಲ್ಲ. ಕೆಲಸದ ಕೋಣೆಯ ತಾಪಮಾಪಕ ತಂದು ಬೆರಳಿಗೆ ಕಟ್ಟಿ, ಅರ್ಧ ಗಂಟೆ ಉಸಿರು ನೋಡುತ್ತ ಕೂತಳು. ಮೂರು ಡಿಗ್ರಿ ಏರಿತು. ಒಂದು ತಿಂಗಳು ದಿನವೂ ಬರೆದಿಟ್ಟಳು. ಹೆಚ್ಚಿನ ದಿನ ಏರಿತು, ಕೆಲವು ದಿನ ಇಲ್ಲ. ಗುರುವೂ ಇಲ್ಲ, ಪರದೆಯೂ ಇಲ್ಲ, ಅವಳ ಮೈಯ ರಕ್ತವೇ ಬೆರಳಿಗೆ ಇಳಿದಿತ್ತು. ಆ ಕಾಗದ ಹಿಡಿದು ಶಾವ್ ಡಾಕ್ಟರ ಬಳಿ ಹೋದಳು. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. “ಇಂಥದ್ದಕ್ಕೆ ನನಗೆ ಪುರಸೊತ್ತಿಲ್ಲಮ್ಮ.” ಆವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳ ಧ್ವನಿ ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. “ಒಬ್ಬ ನೋಡದೇ ನಂಬು ಅಂತಾನೆ. ಇನ್ನೊಬ್ಬ ನೋಡದೇ ನಂಬಬೇಡ ಅಂತಾನೆ. ನೋಡೋಕೆ ಇಬ್ಬರಿಗೂ ಆಗಲ್ಲ.”

ಮುಂದಿನ ಭಾನುವಾರ ಗುಡ್ಡದ ಮಠಕ್ಕೆ ಹೋದೆವು. ಬಾಗಿಲಲ್ಲಿ ನಾಲ್ಕೈದು ಹಳ್ಳಿಯವರು ಮಿಂಗ್‌ಯುವಾನ್ ಅವರಿಂದ ಊದುಕಡ್ಡಿಯ ಬೂದಿಯ ಪೊಟ್ಟಣ ಪಡೆಯುತ್ತಿದ್ದರು. ನೀರಿಗೆ ಕದಡಿ ಕುಡಿದರೆ ಜ್ವರ ಬಿಡುತ್ತದೆಂದು ನಂಬಿಕೆ. ಯೂಚಿನ್ ಎಷ್ಟೋ ವರ್ಷ ಅದನ್ನು ನೋಡಿದ್ದಳು. ಆವತ್ತು ತಡೆದುಕೊಳ್ಳಲಿಲ್ಲ.

“ಗುರುಮ್ಮ, ನನಗೆ ಬಿಸಿ ಹಿಂದೆ ಓಡಬೇಡ ಅಂದ್ರಿ. ಇವರಿಗೆ ಬೂದಿ ಯಾಕೆ ಕೊಡ್ತೀರಿ?”

“ಕೇಳ್ತಾರೆ ಮಗಳೇ. ಅಷ್ಟು ದೂರದಿಂದ ಹತ್ತಿ ಬಂದಿರ್ತಾರೆ. ಬರಿಗೈಯಲ್ಲಿ ಕಳಿಸೋಕೆ ನನಗೆ ಕೈ ಬರಲ್ಲ.”

“ನನ್ನ ತಮ್ಮನಿಗೂ ಈಗ ಕೈ ಬರಲ್ಲ ಗುರುಮ್ಮ.”

ಮುದುಕಿ ಕೈಯಲ್ಲಿದ್ದ ಪೊಟ್ಟಣವನ್ನು ಪಕ್ಕಕ್ಕಿಟ್ಟರು. ಆಮೇಲೆ, “ನಿನಗೆ ನಿದ್ದೆ ಬಂತಾ ಇಲ್ವಾ?” ಎಂದರು.

“ಬಂತು.”

“ಹಾಗಾದ್ರೆ ನಿದ್ದೆ ಬಂತು ಅಂತ ಹೇಳು. ಅಷ್ಟಕ್ಕೇ ನಿಲ್ಲಿಸು. ನಾನು ನಿಲ್ಲಿಸ್ದೇ ಇದ್ದದ್ದು ತಪ್ಪು.”

ಬೂದಿ ಕೊಡುವುದನ್ನು ಅವರು ಪೂರ್ತಿ ನಿಲ್ಲಿಸಲಿಲ್ಲ. ಜ್ವರಕ್ಕೆ ಮೊದಲು ಔಷಧಿ ಅಂಗಡಿಗೆ ಹೋಗಿ ಬಂದಿರಾ ಎಂದು ಕೇಳಿ ಕೊಡತೊಡಗಿದರು. ಯೂಚಿನ್‌ಗೆ ಅದು ಸಾಲಲಿಲ್ಲ. ಒಂದು ವರ್ಷ ಮಠದ ಕಡೆ ತಲೆ ಹಾಕಲಿಲ್ಲ. ಆದರೂ ತನ್ನ ಮಂಚದ ಮೇಲೆ ದಿನವೂ ಕೂತಳು.

ಬಾವ್‌ಲಿನ್‌ನನ್ನು ಗಾಲಿಕುರ್ಚಿಯಲ್ಲಿ ಉದ್ಯಾನಕ್ಕೆ ಕರೆತರುವಳು. ಅವಳೆದುರೇ ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಬೇಕು. ಆಮೇಲೆ ಉಸಿರು, ಆಮೇಲೆ ಬೆರಳು ಒಂದೊಂದಾಗಿ ಬಿಚ್ಚುವುದು.

“ಪೊಲೀಸಿನೋಳು” ಎಂದು ಅವನು ಸೊಟ್ಟ ಬಾಯಲ್ಲೇ ಬೈಯುತ್ತಿದ್ದ. “ಇವತ್ತು ಹೆಬ್ಬೆರಳಿಗೆ ಚಿ ಬಂತು ಅಕ್ಕಾ.”

“ಹೆಬ್ಬೆರಳು ಅಲ್ಲಾಡ್ತು ಅನ್ನು.”

“ಚಿ ಬಂದೇ ಅಲ್ಲಾಡಿದ್ದು.”

“ಅಲ್ಲಾಡ್ತು ಅನ್ನೋ ಕತ್ತೆ.”

ಮೂರು ವರ್ಷಕ್ಕೆ ಅವನು ಬಲಗೈಯಲ್ಲಿ ಬಟ್ಟಲು ಹಿಡಿಯುವಂತಾದ. ಹಿಟ್ಟು ಎಳೆಯಲು ಎಂದೂ ಆಗಲಿಲ್ಲ. ಅವರಿಬ್ಬರನ್ನು ನೋಡಿ ಉದ್ಯಾನದಲ್ಲಿ ಕೆಲವರು ಯೂಚಿನ್ ಜೊತೆ ನಿಲ್ಲತೊಡಗಿದರು. ಬಂದವರಿಗೆ ಅವಳ ಮೊದಲ ಮಾತು, “ಡಾಕ್ಟರು ಕೊಟ್ಟ ಔಷಧಿ ಏನೇನು, ಬಿಟ್ಟಿದ್ದೀರಾ?” ಬಿಟ್ಟಿದ್ದೇವೆ ಎಂದವರನ್ನು ನಿಲ್ಲಗೊಡುತ್ತಿರಲಿಲ್ಲ. ಅರ್ಧ ಜನ ಮುನಿಸಿಕೊಂಡು ಹೋದರು.

ತೊಂಬತ್ತಾರರ ಚಳಿಗಾಲದಲ್ಲಿ ಬಾವ್‌ಲಿನ್‌ಗೆ ಎರಡನೇ ಸಲ ಲಕ್ವ ಹೊಡೆದು ಪ್ರಾಣ ಹೋಯಿತು. ಗುಳಿಗೆ ಒಂದು ದಿನವೂ ತಪ್ಪಿರಲಿಲ್ಲ. ಸ್ಮಶಾನದಲ್ಲಿ ಲುವಾನ್‌ನ ಹಳೆಯ ಭಕ್ತನೊಬ್ಬ ಯೂಚಿನ್ ಹತ್ತಿರ ಬಂದು, “ನೋಡಿದ್ರಾ, ಗುಳಿಗೆ ತಿಂದ್ರೂ ಹೋದ” ಎಂದ.

ಅವಳು ಅವನನ್ನು ಹೊಡೆಯುತ್ತಾಳೆಂದು ನಾನು ತೋಳು ಹಿಡಿದುಕೊಂಡೆ.

“ಹೌದು, ಹೋದ” ಎಂದಳು. “ಗುಳಿಗೆ ಸಾವು ತಪ್ಪಿಸುತ್ತೆ ಅಂತ ನಾನು ಯಾವತ್ತೂ ಅಂದಿಲ್ಲ. ಎಂಟು ವರ್ಷ ಸಿಕ್ತು. ನಿಮ್ಮ ಗುರು ಕೊಟ್ಟಿದ್ದು ಎರಡು ತಿಂಗಳು.”

ಆ ಮನುಷ್ಯ ಟೋಪಿ ಸರಿಪಡಿಸಿಕೊಂಡು ಹಿಂದೆ ಸರಿದ. ಯೂಚಿನ್ ತಮ್ಮನ ಹೆಂಡತಿಯ ಕೈ ಹಿಡಿದು, ಬಾವ್‌ಲಿನ್‌ನ ಬೂದಿಯ ಪೆಟ್ಟಿಗೆ ಪಡೆಯುವ ಸಾಲಿಗೆ ಹೋಗಿ ನಿಂತಳು.